ಲಾಟು ಮಾಮ

ಲಾಟು ಮಾಮ ಮಿಲಿಟರಿಯಲ್ಲಿ ಇದ್ದವರಲ್ಲ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು, ಅವರಾಗಿ ಹೇಳುವುದಿಲ್ಲ. ರೈಲ್ವೆಯ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತಿಕೆ ಮಾಡಿ, ಮುಂಬಯಿಯ ಬೈಕುಲ್ಲಾ ಸ್ಟೇಷನ್ನಿಗೆ ಕೂಗಳತೆಯಲ್ಲಿರುವ ಹಳೇ ಚಾಳಿನ ಎರಡನೇ ಮಾಳಿಗೆಯಲ್ಲಿ ಒಂದೂವರೆ ಕೋಣೆಯ ಸಂಸಾರ ಹೂಡಿ, ಇಬ್ಬರು ಮಕ್ಕಳನ್ನು ದಡ ಸೇರಿಸಿ, ರಿಟೈರಾದ ಮೇಲೆ ಯುದ್ಧಕ್ಕೆ ಇಳಿದವರು. ಯುದ್ಧವೆಂದರೆ ಎರಡನೆಯ ಮಹಾಯುದ್ಧ. ಅದು 1945ರಲ್ಲೇ ಮುಗಿಯಿತೆಂದು ಶಾಲೆಯಲ್ಲಿ ಕಲಿಸುತ್ತಾರೆ. ಮಾಮನ ಅಟ್ಟದ ಮೇಲೆ ಕದನವಿರಾಮ ಇನ್ನೂ ಘೋಷಣೆಯಾಗಿಲ್ಲ.

ಅಸಲು ಹೆಸರು ರೇಷನ್ ಕಾರ್ಡಿನಲ್ಲಿದೆ, ನಮಗೆಲ್ಲ ಲಾಟು ಮಾಮ. ಸೈನ್ಯ ಬೇಡವೆಂದು ತಳ್ಳಿದ ಹಳೇ ಸಾಮಾನು ಹರಾಜಿನಲ್ಲಿ ಲಾಟಿನ ಲೆಕ್ಕದಲ್ಲಿ ಹೋಗುತ್ತದೆ: ಲಾಟ್ ನಂಬರ್ ಇಷ್ಟು, ತರಾವರಿ ಸಾಮಾನು, ಕೆಲಸಕ್ಕೆ ಬಾರದ್ದು, ತೂಕ ಇಷ್ಟು. ಈ 'ಕೆಲಸಕ್ಕೆ ಬಾರದ್ದು' ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಮಾಮನ ಮುಖ ಅರಳುತ್ತದೆ. ಕೆಲಸಕ್ಕೆ ಬರುವ ಸಾಮಾನನ್ನು ಯಾರು ಬೇಕಾದರೂ ಗುರುತಿಸುತ್ತಾರಲ್ಲ!

ಇಂಥವರು ಎಲ್ಲ ಊರಲ್ಲೂ ಇದ್ದಾರೆ. ಬೆಂಗಳೂರಿನಲ್ಲಿದ್ದರೆ ಸಂಡೇ ಬಜಾರಿನಲ್ಲಿ ಕುಕ್ಕರಗಾಲಲ್ಲಿ ಕೂತಿರುತ್ತಾರೆ. ಡೊಂಬಿವಲಿಯಲ್ಲಿದ್ದರೆ ಹೆಂಡತಿಗೆ ಹೆದರಿ ಸಾಮಾನನ್ನು ಸೊಸೈಟಿಯ ಪಂಪ್ ರೂಮಿನಲ್ಲಿ ಇಟ್ಟಿರುತ್ತಾರೆ. ಆದರೆ ಬೈಕುಲ್ಲಾದವರಿಗೆ ಇರುವ ಸೌಕರ್ಯ ಉಳಿದವರಿಗೆ ಎಲ್ಲಿಂದ ಬರಬೇಕು? ಪೂರ್ವಕ್ಕೆ ಹೋದರೆ ಮಜಗಾಂವ್ ಡಾಕು, ಅದರಾಚೆ ರೇ ರೋಡಿನ ದಾರುಖಾನಾ, ಅಲ್ಲಿ ಹಡಗು ಒಡೆಯುತ್ತಾರೆ. ದಕ್ಷಿಣಕ್ಕೆ ಜೆ.ಜೆ. ಆಸ್ಪತ್ರೆ ದಾಟಿದರೆ ಚೋರ್ ಬಜಾರಿನ ಮಟನ್ ಸ್ಟ್ರೀಟ್, ಅಲ್ಲಿ ಒಡೆದ ಹಡಗನ್ನು ಮಾರುತ್ತಾರೆ. ಇವೆರಡರ ನಡುವೆ ಮನೆ ಇರುವ ಮನುಷ್ಯನಿಗೆ ರಿಟೈರ್‌ಮೆಂಟಿನಲ್ಲಿ ಭಗವದ್ಗೀತೆ ಓದು ಎಂದರೆ ಓದುತ್ತಾನೆಯೇ?

ಮಾಮ ಎಲ್ಲರಿಗೂ ಹೇಳುವುದು "ಏಲಂನಲ್ಲಿ ಹಿಡಿದೆ" ಎಂದು. ನಿಜದ ಏಲಂ ಮಾಮನ ಕೈಗೆ ಎಟಕುವಂಥದ್ದಲ್ಲ. ಸರ್ಕಾರದ ಬೇಡದ ಸಾಮಾನನ್ನು ಮಾರಿಕೊಡುವ, 1964ರಲ್ಲಿ ಹುಟ್ಟಿದ ಎಂಎಸ್‌ಟಿಸಿ ಎಂಬ ಸಂಸ್ಥೆ ಇದೆ. ಈಗ ಅದರ ಹರಾಜೆಲ್ಲ ಕಂಪ್ಯೂಟರಿನಲ್ಲಿ. ಹೆಸರು ನೋಂದಾಯಿಸಬೇಕು, ಠೇವಣಿ ಇಡಬೇಕು, ಮಾಲನ್ನು 'ಎಲ್ಲಿದೆಯೋ ಹೇಗಿದೆಯೋ ಹಾಗೇ' ಎತ್ತಿಕೊಂಡು ಹೋಗಬೇಕು, ಆಮೇಲೆ ಕ್ಯಾತೆ ತೆಗೆಯುವ ಹಾಗಿಲ್ಲ. ಟನ್ನುಗಟ್ಟಲೆ ಲಾಟನ್ನು ದೊಡ್ಡ ಭಂಗಾರ್ ವ್ಯಾಪಾರಿ, ಅಂದರೆ ಗುಜರಿಯವನು, ಹಿಡಿಯುತ್ತಾನೆ. ತಾಮ್ರ, ಹಿತ್ತಾಳೆ, ಕಬ್ಬಿಣ ಬೇರೆ ಮಾಡುತ್ತಾನೆ. ಯಾವುದಕ್ಕೂ ಸೇರದ್ದು ಗೋಣಿಗೆ ಬಿದ್ದು ಸಣ್ಣ ವ್ಯಾಪಾರಿಗೆ ಹೋಗುತ್ತದೆ. ಅವನಿಗೂ ಬೇಡವಾದದ್ದು ಶುಕ್ರವಾರ ಬೆಳಗ್ಗೆ, ಅಂಗಡಿಗಳು ಮುಚ್ಚಿರುವಾಗ, ಬೀದಿಯ ಮೇಲೆ ಹರಡಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ಮಾಮನೇ ದಿಕ್ಕು. ನಸುಕಿನಲ್ಲಿ ಟಾರ್ಚ್ ಹಿಡಿದು ಹೋಗುತ್ತಾರೆ, ಎರಡು ಚೀಲ ಹೊತ್ತು ಬರುತ್ತಾರೆ. ಮಾಮಿ ಬಾಗಿಲಲ್ಲೇ ನಿಂತು, "ಒಳಗೆ ಬರುವುದು ನೀವು ಮಾತ್ರವಾ, ಅದೂ ಉಂಟಾ?" ಎಂದು ಕೇಳುತ್ತಾರೆ.

ಸಾಮಾನು ಬಂದ ಸಂಜೆ ನಮ್ಮ ಮಾಳಿಗೆಯವರೆಲ್ಲ ವರಾಂಡದಲ್ಲಿ ಸೇರಬೇಕು. ಅದು ಗುರುತಿಸುವ ಸಮಾರಂಭ. ಮಾಮನ ಪದ್ಧತಿಯಲ್ಲಿ ಗುರುತಿಸುವುದು ಮೊದಲು, ನೋಡುವುದು ಆಮೇಲೆ. ವಸ್ತುವನ್ನು ಚೀಲದಿಂದ ಅರ್ಧ ಎಳೆಯುವಷ್ಟರಲ್ಲಿ ಅದು ಯಾವ ರಣರಂಗದ್ದೆಂದು ತೀರ್ಮಾನವಾಗಿರುತ್ತದೆ. ಉಳಿದರ್ಧ ಹೊರಬಂದ ಮೇಲೆ ಅದು ಆ ತೀರ್ಮಾನಕ್ಕೆ ಹೊಂದಿಕೊಳ್ಳಬೇಕು.

ಹಾಗೆಂದು ಮಾಮನಿಗೆ ಏನೂ ಗೊತ್ತಿಲ್ಲವೆಂದಲ್ಲ. ಬಹಳ ಗೊತ್ತು, ಅದೇ ತೊಂದರೆ. ಬ್ರಿಟಿಷ್ ಸರ್ಕಾರದ ಸ್ವತ್ತಿಗೆಲ್ಲ ಮೂರು ಗೆರೆಯ ಬಾಣದ ಮುದ್ರೆ ಒತ್ತುತ್ತಿದ್ದರು. ಕೆನಡಾದ ಮಾಲಿಗೆ 'ಸಿ' ಅಕ್ಷರದ ಹೊಟ್ಟೆಯೊಳಗೆ ಬಾಣ, ಆಸ್ಟ್ರೇಲಿಯಾದ್ದಕ್ಕೆ ಎರಡು 'ಡಿ'ಗಳ ನಡುವೆ ಬಾಣ. ಮಾಲು ಸೇವೆಯಿಂದ ಹೊರಬಿದ್ದು ಮಾರಾಟವಾದರೆ ಮೊದಲಿನ ಬಾಣದ ಎದುರಿಗೆ ಇನ್ನೊಂದು ಬಾಣ, ಮೂತಿಗೆ ಮೂತಿ ತಾಗಿಸಿ. ಇದೆಲ್ಲ ಸತ್ಯ, ಮಾಮ ಇದನ್ನು ನಿದ್ದೆಯಲ್ಲೂ ಹೇಳುತ್ತಾರೆ. ಆದರೆ ಲೋಕದಲ್ಲಿ ಬಾಣ ಬರೆಯುವವರು ಬ್ರಿಟಿಷರೊಬ್ಬರೇ ಅಲ್ಲವಲ್ಲ. ಒಮ್ಮೆ ಒಂದು ಮರದ ಪೆಟ್ಟಿಗೆ ತಂದರು. ಪಕ್ಕದಲ್ಲಿ ದಪ್ಪ ಕಪ್ಪು ಬಾಣ.

"ನೋಡಿ, ಬಾಣ ಉಂಟು. ಸರ್ಕಾರಿ ಮಾಲು."

"ಮಾಮ, ಬಾಣದ ಪಕ್ಕ ಗ್ಲಾಸಿನ ಚಿತ್ರ ಇದೆಯಲ್ಲ?" ಎಂದು ಮೂರನೇ ಖೋಲಿಯ ಹುಡುಗ.

"ಆಫೀಸರ್ಸ್ ಮೆಸ್‌ನದ್ದು ಮಾರಾಯ. ಸಿಪಾಯಿಗಳಿಗೆ ಗ್ಲಾಸು ಎಲ್ಲಿ ಕೊಡುತ್ತಿದ್ದರು?"

"ಅದರ ಕೆಳಗೆ ಛತ್ರಿ?"

ಮಾಮ ಒಂದು ಕ್ಷಣವೂ ತಡೆಯಲಿಲ್ಲ. "ಪ್ಯಾರಾಚೂಟ್ ರೆಜಿಮೆಂಟು."

ಪೆಟ್ಟಿಗೆ ಮಗುಚಿದಾಗ ಅಡಿಯಲ್ಲಿ ಬಾತ್‌ರೂಮ್ ಟೈಲ್ಸಿನ ಲೇಬಲ್ಲಿತ್ತು. ಪೆಟ್ಟಿಗೆಯನ್ನು ಆಮೇಲೆ ಯಾರೋ ಮರುಬಳಕೆ ಮಾಡಿದ್ದಾರೆ ಎಂಬುದು ಮಾಮನ ವಿವರಣೆ. ಈಗ ಅದರಲ್ಲಿ ಮಾಮಿ ಈರುಳ್ಳಿ ಇಡುತ್ತಾರೆ. ಅದನ್ನು ಮಾಮ ಇಂದಿಗೂ 'ಮೆಸ್ ಪೆಟ್ಟಿಗೆ' ಎಂದೇ ಕರೆಯುವುದು.

ಕರೆಯುವ ವಿಷಯ ಬಂತೆಂದು ಹೇಳುತ್ತೇನೆ. ಬ್ರಿಟಿಷ್ ಸೈನ್ಯದ ದಾಸ್ತಾನು ಪುಸ್ತಕದಲ್ಲಿ ವಸ್ತುವಿನ ಹೆಸರು ಮೊದಲು, ಗುಣಲಕ್ಷಣ ಆಮೇಲೆ. ಯುದ್ಧಕಾಲದ ಕೆಲವು ಕೈಗಡಿಯಾರಗಳ ಬೆನ್ನ ಮೇಲೆ ಮೂರು ಡಬ್ಲ್ಯು ಕೆತ್ತಿರುತ್ತಿತ್ತು: ವಾಚ್, ರಿಸ್ಟ್, ವಾಟರ್‌ಪ್ರೂಫ್. ಇದನ್ನು ಓದಿದ ದಿನದಿಂದ ಮಾಮನ ಮನೆಮಾತೇ ಬದಲಾಯಿತು. "ಲೋಟ, ಸ್ಟೀಲು, ಕಾಫಿಯದ್ದು, ಒಂದು ತಾ" ಎನ್ನುತ್ತಾರೆ. ಮಾಮಿ ಸುಮ್ಮನಿರುವವರಲ್ಲ. "ಗಂಡ, ಹಳೇದು, ಕೆಲಸಕ್ಕೆ ಬಾರದ್ದು, ಒಂದು" ಎಂದು ಒಳಗಿನಿಂದಲೇ ದಾಖಲೆ ಓದುತ್ತಾರೆ.

ಮಾಮನ ಜೀವಮಾನದ ದೊಡ್ಡ ಬೇಟೆಯೆಂದರೆ ಬೆಂಗಳೂರು ಟಾರ್ಪೆಡೊ. ಇದೊಂದು ನಿಜವಾದ ಆಯುಧ, ತಮಾಷೆಯಲ್ಲ. 1912ರಲ್ಲಿ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಪಡೆಯ ಕ್ಯಾಪ್ಟನ್ ಮೆಕ್ಲಿಂಟಾಕ್ ಎಂಬಾತ ಹೂಡಿದ ಉಪಾಯ. ಕೊಳವೆಯೊಳಗೆ ಸ್ಫೋಟಕ ತುಂಬುವುದು, ಒಂದರ ತುದಿಗೆ ಇನ್ನೊಂದನ್ನು ಸಿಕ್ಕಿಸುತ್ತ ಮುಳ್ಳುತಂತಿಯ ಬೇಲಿಯಡಿ ದೂಡುವುದು, ಸಿಡಿಸಿ ದಾರಿ ಮಾಡುವುದು. ದೂಡುವವನು ದೂರದಲ್ಲಿ ಮರೆಯಲ್ಲಿ ಇರಬಹುದು. ಎರಡು ಮಹಾಯುದ್ಧಗಳಲ್ಲೂ ಇದನ್ನು ಬಳಸಿದರು. 1944ರ ಜೂನ್ 6ರಂದು ನಾರ್ಮಂಡಿಯ ಕಡಲತಡಿಯಲ್ಲಿ ಅಮೆರಿಕನ್ನರು ಬೇಲಿ ಹಾರಿಸಿದ್ದೂ ಇದರಿಂದಲೇ, ಬೆಂಗಳೂರಿನ ಹೆಸರನ್ನು ಬಾಯಲ್ಲಿ ಹೇಳಿಕೊಂಡೇ. ಕರ್ನಾಟಕದ ಊರಿನ ಹೆಸರು ಹೊತ್ತ ಒಂದು ಸಿಡಿಗುಂಡು ಫ್ರಾನ್ಸಿನವರೆಗೆ ಹೋಗಿ ಬಂದಿದೆ ಎಂದ ಮೇಲೆ ಬೈಕುಲ್ಲಾದ ಕನ್ನಡಿಗನ ಅಟ್ಟಕ್ಕೆ ಅದು ಬರದಿದ್ದರೆ ಹೇಗೆ?

ಬಂತು. ಕಬ್ಬಿಣದ ಕೊಳವೆ, ಎರಡೂ ತುದಿಗೆ ತಿರುಪಿನ ಮರೆ. ಮಾಮ ಟೇಪು ಹಿಡಿದರು. ಅಮೆರಿಕನ್ ಮಾದರಿಯ ಟಾರ್ಪೆಡೊ ಒಂದೊಂದು ತುಂಡು ಐದಡಿ. ಇದು ನಾಲ್ಕಡಿ ಹತ್ತಿಂಚು.

"ಎರಡಿಂಚು ಸವೆದಿರಬೇಕು," ಎಂದರು.

ಕಬ್ಬಿಣ ಉದ್ದದಲ್ಲಿ ಸವೆಯುವುದು ಹೇಗೆ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಕೊಳವೆಗೆ ಬ್ರಾಸೋ ಹಾಕಿ ಉಜ್ಜಿ, ಕೆಂಪು ಬಟ್ಟೆಯ ಮೇಲೆ ಮಲಗಿಸಿದರು. ಊರಿಂದ ಬಂದ ನೆಂಟರಿಗೆ ರಾಣಿಬಾಗ್ ಮೃಗಾಲಯದ ಪೆಂಗ್ವಿನ್ ತೋರಿಸುವ ಮೊದಲು ಇದರ ದರ್ಶನ. "ನಮ್ಮ ಬೆಂಗಳೂರಿನದ್ದು," ಎಂದು ಮುಟ್ಟಿ ನೋಡಿದ ಒಬ್ಬ ಭಾವಮೈದುನನ ಕಣ್ಣು ಒದ್ದೆಯಾಯಿತಂತೆ. ಶ್ರಾವಣ ಕಳೆದು ಗಣಪತಿ ಹತ್ತಿರ ಬಂತು. ಗಲ್ಲಿಯ ಮಂಡಲದ ಪೆಂಡಾಲು ಕಟ್ಟುವ ಡೆಕೊರೇಟರ್ ವಂತಿಗೆಯ ಮಾತಿಗೆ ಮೇಲೆ ಬಂದವನು ಕೆಂಪು ಬಟ್ಟೆಯತ್ತ ನೋಡಿದ. ಬಗ್ಗಿದ. ಕೊಳವೆಯ ಒಂದು ತುದಿಯಲ್ಲಿ, ಬ್ರಾಸೋಗೂ ಬಗ್ಗದೆ ಉಳಿದಿದ್ದ ನೀಲಿ ಬಣ್ಣದ ಪಟ್ಟಿಯನ್ನು ಉಗುರಿನಿಂದ ಕೆರೆದ.

"ಕಾಕಾ, ಇದು ನಮ್ಮ ಪೆಂಡಾಲಿನ ಖಾಂಬು. ಹೋದ ವರ್ಷ ವಿಸರ್ಜನೆಯ ರಾತ್ರಿ ನಾಲ್ಕು ಕಳುವಾಗಿದ್ದವು. ಉಳಿದ ಮೂರು ಎಲ್ಲಿ?"

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಸುಮ್ಮನಾಗುತ್ತಿದ್ದರು. ಮಾಮ ಅವನ ಹೆಗಲ ಮೇಲೆ ಕೈಯಿಟ್ಟರು. "ನಿನ್ನ ಅಜ್ಜ ಯುದ್ಧ ಮುಗಿದ ಮೇಲೆ ಡಿಸ್ಪೋಸಲ್‌ನಲ್ಲಿ ಹಿಡಿದಿರಬೇಕು. ನಿನಗೆ ಹೇಳಿಲ್ಲ, ಅಷ್ಟೇ." ಆ ವರ್ಷದ ಗಣಪತಿ ಬೆಂಗಳೂರು ಟಾರ್ಪೆಡೊದ ಆಸರೆಯಲ್ಲಿ ಹನ್ನೊಂದು ದಿನ ಕೂತ. ಮಾಮ ದಿನಾ ಹೋಗಿ ಕೈಮುಗಿಯುತ್ತಿದ್ದರು, ಮೂರ್ತಿಗಿಂತ ತುಸು ಎಡಕ್ಕೆ ತಿರುಗಿ.

ಮನೆಯಲ್ಲಿ ತನ್ನ ಅಸಲು ಕೆಲಸಕ್ಕೇ ಬಳಕೆಯಾದ ಒಂದೇ ಸಾಮಾನೆಂದರೆ ಜೋಡಿ ಫೀಲ್ಡ್ ಟೆಲಿಫೋನು. ಹಿಡಿಕೆ ತಿರುವಿದರೆ ಆಚೆಯದು ಟ್ರಿಣ್ ಎನ್ನುತ್ತದೆ. ಒಂದನ್ನು ಅಡುಗೆಮನೆಯಲ್ಲಿ, ಇನ್ನೊಂದನ್ನು ತಮ್ಮ ಕುರ್ಚಿಯ ಪಕ್ಕದಲ್ಲಿ ಕೂರಿಸಿದರು. ನಡುವೆ ಹತ್ತಡಿ ಅಂತರ, ಬಾಗಿಲೂ ಇಲ್ಲ. ತಿರುವಿದಾಗ ಅದರೊಳಗಿನ ಮ್ಯಾಗ್ನೆಟೊ ತಂತಿಯಲ್ಲಿ ಚುರುಕ್ಕೆನ್ನುವಷ್ಟು ವಿದ್ಯುತ್ ಹರಿಸುತ್ತದೆ. ಒಗ್ಗರಣೆ ಹಾಕುತ್ತಿದ್ದ ಮಾಮಿ ಒದ್ದೆ ಕೈಯಲ್ಲಿ ಬಿಚ್ಚಿದ ತಂತಿ ಸರಿಸುವುದಕ್ಕೂ ಮಾಮ ಕಾಫಿಗಾಗಿ ಹಿಡಿಕೆ ತಿರುವುವುದಕ್ಕೂ ಸರಿಹೋಯಿತು. ಆವತ್ತಿನ ಸಂಭಾಷಣೆಗೆ ಟೆಲಿಫೋನ್ ಬೇಕಾಗಲಿಲ್ಲ, ನಮ್ಮ ಮಾಳಿಗೆಗೆಲ್ಲ ನೇರವಾಗಿ ಕೇಳಿಸಿತು.

ಹಡಗಿನ ಸಾಮಾನಿನ ಕಥೆ ಇನ್ನೂ ದೊಡ್ಡದು. ನಮ್ಮ ಮೊದಲ ವಿಮಾನವಾಹಕ ಐಎನ್‌ಎಸ್ ವಿಕ್ರಾಂತ್ 1961ರಲ್ಲಿ ಸೇವೆಗೆ ಸೇರಿ 1997ರಲ್ಲಿ ನಿವೃತ್ತವಾಯಿತು. ಕೆಲಕಾಲ ಮ್ಯೂಸಿಯಂ ಆಗಿ ನಿಂತು, 2014ರಲ್ಲಿ ಸುಮಾರು 60 ಕೋಟಿ ರೂಪಾಯಿಗೆ ಹರಾಜಾಗಿ, ಇದೇ ದಾರುಖಾನಾದಲ್ಲಿ ಚೂರಾಯಿತು. ಅದರ ಉಕ್ಕನ್ನು ಸೇರಿಸಿ ಬಜಾಜ್‌ನವರು 2016ರಲ್ಲಿ ಒಂದು ಮೋಟರ್ ಸೈಕಲ್ಲನ್ನೇ ತಂದರು. ಆವತ್ತಿನಿಂದ ಮಟನ್ ಸ್ಟ್ರೀಟಿನಲ್ಲಿ ತುಕ್ಕು ಹಿಡಿದ ಯಾವ ಬೋಲ್ಟು ಎತ್ತಿದರೂ "ವಿಕ್ರಾಂತ್ ಕಾ ಮಾಲ್ ಹೈ ಸೇಠ್" ಎಂಬ ಉತ್ತರ ಸಿದ್ಧ. ಮಾಮನ ಬಳಿಯಿರುವ ವಿಕ್ರಾಂತ್ ತುಂಡುಗಳಲ್ಲಿ ಒಂದು ಸೀಲಿಂಗ್ ಫ್ಯಾನಿನ ಕಪ್ ಕೂಡ ಇದೆ. ಐಎನ್‌ಎಸ್ ಮೈಸೂರಿನ ಮೇಲೆ ಅವರಿಗೆ ಇನ್ನೂ ಹೆಚ್ಚಿನ ಮಮತೆ. ಎಚ್‌ಎಂಎಸ್ ನೈಜೀರಿಯಾ ಎಂಬ ಬ್ರಿಟಿಷ್ ಕ್ರೂಸರು 1957ರಲ್ಲಿ ಮೈಸೂರು ಹೆಸರು ಹೊತ್ತು ನಮ್ಮ ನೌಕಾಪಡೆಗೆ ಬಂತು, 1985ರವರೆಗೆ ದುಡಿಯಿತು. ಎಂ, ವೈ, ಎಸ್ ಎಂಬ ಮೂರು ಹಿತ್ತಾಳೆ ಅಕ್ಷರ ಸಿಕ್ಕ ದಿನ ಮಾಮ ರಾತ್ರಿ ಊಟ ಬಿಟ್ಟರು. ಮುಂದಿನ ಶುಕ್ರವಾರ ಅದೇ ವ್ಯಾಪಾರಿಯ ಬಳಿ ಉಳಿದ ಅಕ್ಷರಗಳೂ ಸಿಕ್ಕವು, ಜೊತೆಗೆ 'ಮಸಾಲಾ' ಎಂಬ ಪದ ಪೂರ್ತಿ, 'ದೋಸಾ' ಎಂಬುದು ಅರ್ಧ.

ನನಗೆ ಹೊಟ್ಟೆ ಉರಿದದ್ದು ಸೆಕ್ಸ್‌ಟೆಂಟಿನ ವಿಷಯದಲ್ಲಿ. ಸೆಕ್ಸ್‌ಟೆಂಟ್ ಎಂದರೆ ನಾವಿಕರು ಸೂರ್ಯ, ನಕ್ಷತ್ರಗಳ ಎತ್ತರ ಅಳೆದು ಹಡಗು ಎಲ್ಲಿದೆಯೆಂದು ಲೆಕ್ಕ ಹಾಕುವ ಉಪಕರಣ. ಮರದ ಡಬ್ಬಿಯಲ್ಲಿ ಫಳಫಳ ಹಿತ್ತಾಳೆ, ಮೇಲೆ ಕೆತ್ತನೆ: 'ಕೆಲ್ವಿನ್ ಅಂಡ್ ಹ್ಯೂಸ್, ಲಂಡನ್, 1917'. ಆ ಹೆಸರಿನ ಕಂಪನಿ ನಿಜಕ್ಕೂ ಇತ್ತು, ಒಳ್ಳೇ ಕಂಪನಿಯೇ. ಆದರೆ ಕೆಲ್ವಿನ್‌ನವರೂ ಹ್ಯೂಸ್‌ನವರೂ ಒಂದಾಗಿ ಆ ಹೆಸರು ಹುಟ್ಟಿದ್ದು 1947ರಲ್ಲಿ. ಮೂವತ್ತು ವರ್ಷ ಮೊದಲೇ ಹೆಸರು ಕೆತ್ತಿಸಿಕೊಂಡ ಕಂಪನಿ ಪ್ರಪಂಚದಲ್ಲಿ ಇದೊಂದೇ ಇರಬೇಕು. ಮುರಾದಾಬಾದ್, ರೂರ್ಕಿ ಕಡೆಯಿಂದ ಇಂಥ ಹಿತ್ತಾಳೆ ಸಾಮಾನು ಬರುತ್ತಲೇ ಇರುತ್ತದೆ. ಅಲಂಕಾರದ ವಸ್ತುವೆಂದು ಮಾರಿದರೆ ತಪ್ಪೇನಿಲ್ಲ, ನೋಡಲು ಚೆಂದವೇ. ಮಾಮ ಬೇಡವೆಂದಿದ್ದರೆ ಅಂಗಡಿಯ ಹುಡುಗ ಬಿಡುತ್ತಿರಲಿಲ್ಲ ಬಿಡಿ. ಪಕ್ಕದ ಗಿರಾಕಿಗೆ ಅವನು ಹೇಳುತ್ತಿದ್ದುದನ್ನು ನಾನೇ ಕೇಳಿದ್ದೇನೆ: "ಯಾವ ಇಸವಿ ಬೇಕು ಹೇಳಿ ಸೇಠ್, ನಾಳೆ ಹಾಕಿಸಿಡ್ತೀನಿ."

ಅದಕ್ಕೆ ಮಾಮ ಕೊಟ್ಟದ್ದೇನು ಗೊತ್ತೇ? ದುಡ್ಡು ಸಾಲದೆ, ಮೇಲಿಂದ ಒಂದು ಕೈದೀಪ. ಯಾವುದೋ ಗೋಣಿಯ ಅಡಿಯಲ್ಲಿ ಪುಕ್ಕಟೆ ಬಂದದ್ದು. ಬತ್ತಿಯ ದೀಪ, ಒಳಗೆ ತಿರುಗುವ ಕೆಂಪು ಹಸಿರು ಗಾಜು, ಎದೆಯ ಮೇಲೆ ಹಿತ್ತಾಳೆ ಪಟ್ಟಿ: ಜಿ.ಐ.ಪಿ.ಆರ್. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ! 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಠಾಣೆಗೆ ನಮ್ಮ ಬೈಕುಲ್ಲಾದ ಮೇಲೆ ಹಾದುಹೋದ ಮೊದಲ ಪ್ರಯಾಣಿಕರ ರೈಲು ಇದೇ ಕಂಪನಿಯದ್ದು. 1951ರಲ್ಲಿ ಅದು ಸೆಂಟ್ರಲ್ ರೈಲ್ವೆಯಾಯಿತು. ಅಂದರೆ ದೀಪ ಅದಕ್ಕೂ ಹಳೆಯದು, ಯಾರೂ ಕೆತ್ತಿ ಸುಳ್ಳು ಹೇಳದ ಮಾಲು. ಇಡೀ ಅಟ್ಟದಲ್ಲಿ ಮಾಮ ಕಣ್ಣುಮುಚ್ಚಿ ಗುರುತಿಸಬಲ್ಲ ವಸ್ತು ಅದೊಂದೇ ಆಗಿತ್ತು. ಅದಕ್ಕೇ ಅವರು ಅದನ್ನು ಬಾಗಿಲು ಬಡಿದುಕೊಳ್ಳದ ಹಾಗೆ ಅಡ್ಡ ಇಟ್ಟಿದ್ದರು. "ಛೆ, ಅದು ರೈಲ್ವೆಯದ್ದು ಮಾರಾಯ. ಅದರಲ್ಲಿ ಎಂತ ಉಂಟು?" ಎಂದು ನನ್ನನ್ನೇ ಗದರಿದರು. ಪಾರ್ಸೆಲ್ ಆಫೀಸಿನಲ್ಲಿ ಕಳೆದ ಆಯುಷ್ಯವನ್ನು ಮನುಷ್ಯ ಇಷ್ಟು ಅಗ್ಗಕ್ಕೆ ಮಾರಬಾರದು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಹೀಗೆ ನಗುತ್ತ ಬರೆಯುತ್ತಿದ್ದೇನೆ, ಆದರೆ ಈ ಚಾಳಿಯಲ್ಲಿ ನಗಲಾಗದ ಭಾಗವೂ ಇದೆ. ಮಾಮನ ದಿಂಬಿನಡಿ ಒಂದು ಹಳೇ ದಿಕ್ಸೂಚಿ ಇರುತ್ತಿತ್ತು, ಕತ್ತಲಲ್ಲಿ ಕಾಣಲು ಮುಳ್ಳಿಗೆ ರೇಡಿಯಂ ಬಳಿದದ್ದು. ಹೊಳೆಯುವುದು ನಿಂತಿದೆ, ಇನ್ನೇನು ಭಯ ಎಂದು ಅವರ ವಾದ. ಕಾಲಕ್ರಮದಲ್ಲಿ ಹಾಳಾಗಿ ಹೊಳಪು ಬಿಡುವುದು ಜೊತೆಗೆ ಬೆರೆಸಿದ ಜಿಂಕ್ ಸಲ್ಫೈಡ್. ರೇಡಿಯಂ ಹಾಗೇ ಇರುತ್ತದೆ, ಅದು ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷ ಬೇಕು. ಬಣ್ಣ ಉದುರಿ ಪುಡಿ ಮೂಗಿಗೆ ಹೋದರೆ ಕೆಟ್ಟದ್ದು. ವಿಜ್ಞಾನ ಓದುವ ಮೊಮ್ಮಗಳು ಬಂದು ಅದನ್ನು ದಿಂಬಿನಡಿಯಿಂದ ಎತ್ತಿಸಿದಳು.

ಇನ್ನು ಫಿರಂಗಿಯ ಶೆಲ್ಲು. ಸಿಡಿಮದ್ದಿನ ಜೊತೆ ಆಟ ಬೇಡವೆಂಬ ಪಾಠವನ್ನು ಬೈಕುಲ್ಲಾದವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕಿನಲ್ಲಿ ಎಸ್‌ಎಸ್ ಫೋರ್ಟ್ ಸ್ಟಿಕಿನ್ ಎಂಬ ಹಡಗು ಸಿಡಿಯಿತು. ಅದರಲ್ಲಿ ಹತ್ತಿಯ ಬೇಲೂ ಇತ್ತು, ಸುಮಾರು 1400 ಟನ್ ಸ್ಫೋಟಕವೂ ಇತ್ತು, ಚಿನ್ನದ ಗಟ್ಟಿಗಳೂ ಇದ್ದವು. ಚಿನ್ನ ಮನೆಗಳ ಮಾಡು ತೂರಿ ಬಿತ್ತು, ನೂರಾರು ಜನ ಸತ್ತರು. ಬೆಂಕಿ ಆರಿಸಲು ಹೋದ ಅಗ್ನಿಶಾಮಕ ದಳದವರಲ್ಲೇ ಅರವತ್ತಕ್ಕೂ ಹೆಚ್ಚು ಮಂದಿ ವಾಪಸು ಬರಲಿಲ್ಲ. ಆ ದಳದ ಮುಖ್ಯ ಠಾಣೆ ಇರುವುದು ನಮ್ಮ ಬೈಕುಲ್ಲಾದಲ್ಲೇ. ದೇಶವೆಲ್ಲ ಏಪ್ರಿಲ್ 14ರಂದು ಅಗ್ನಿಶಾಮಕ ಸೇವಾ ದಿನ ಆಚರಿಸುವುದು ಅವರ ನೆನಪಿಗೆ. ಮಾಮ ಈ ಕಥೆಯನ್ನು ಎಷ್ಟೋ ಸಲ ನಮಗೆ ಹೇಳಿದ್ದಾರೆ. ಹೇಳಿದವರೇ ಒಂದು ಬೆಳಗ್ಗೆ ದಾರುಖಾನಾದಿಂದ ಮೊಳಕ್ಕಿಂತ ತುಸು ಉದ್ದದ, ಚೂಪು ಮೂತಿಯ, ಮೂತಿಗೆ ಅಂಕೆ ಕೆತ್ತಿದ ಉಂಗುರವಿರುವ ಒಂದು ವಸ್ತುವನ್ನು ಊಟದ ಮಣೆಯ ಮೇಲೆ ಇಟ್ಟು, ಅರದಿಂದ ತುಕ್ಕು ಉಜ್ಜತೊಡಗಿದರು.

ಮಾಮಿ ಒಂದು ಮಾತೂ ಆಡದೆ ಕೆಳಗಿಳಿದು ಪೊಲೀಸರಿಗೆ ಫೋನ್ ಮಾಡಿದರು. ಹತ್ತು ನಿಮಿಷದಲ್ಲಿ ನಾಲ್ಕೂ ಮಾಳಿಗೆ ಖಾಲಿ. ನಾವೆಲ್ಲ ರಸ್ತೆಯಾಚೆ, ಕುಕ್ಕರಿನ ಮೂರನೇ ಸೀಟಿಗೂ ಕಾಯದೆ ಬಂದವರು. ಬಾಂಬ್ ಪತ್ತೆ ದಳ ಬಂತು, ನಾಯಿ ಬಂತು, ಮರಳಿನ ಬಕೆಟು ಬಂತು. ಮಾಮ ಮಾತ್ರ ಮೆಟ್ಟಿಲಲ್ಲಿ ನಿಂತು, ದಪ್ಪ ಕವಚ ತೊಟ್ಟ ಅಧಿಕಾರಿಗೆ ಉಂಗುರದ ಅಂಕೆಗಳ ಅರ್ಥ ವಿವರಿಸುತ್ತಿದ್ದರು. ಆತ ತಾಳ್ಮೆಯ ಮನುಷ್ಯ, ಪೂರ್ತಿ ಕೇಳಿದ. ಕೊನೆಗೆ ಗೌರವದಿಂದಲೇ ಕೇಳಿದ: "ಸಾಹೇಬ್, ನೀವು ಯಾವ ರೆಜಿಮೆಂಟು?"

ಮಾಮ ಎದೆ ಸೆಟೆಸಿದರು. ಎಪ್ಪತ್ತು ದಾಟಿದ ಬಾಯಲ್ಲಿ ಸುಳ್ಳು ಹೊರಡಲಿಲ್ಲ.

"ಸೆಂಟ್ರಲ್ ರೈಲ್ವೆ," ಎಂದರು.

ವಸ್ತು ಅಭ್ಯಾಸಕ್ಕೆ ಬಳಸುವ ಪೊಳ್ಳು ಶೆಲ್ಲು, ಒಳಗೆ ಮದ್ದಿರಲಿಲ್ಲ. ಅದು ಗೊತ್ತಾದದ್ದು ಅವರು ಒಯ್ದು ಪರೀಕ್ಷಿಸಿದ ಮೇಲೆ, ಮಾಮ ಅರ ಹಾಕಿದ್ದರಿಂದಲ್ಲ. ಎಲ್ಲ ಶೆಲ್ಲೂ ಪೊಳ್ಳಾಗಿರುವುದಿಲ್ಲ, ತುಕ್ಕು ಹಿಡಿದ ಮಾತ್ರಕ್ಕೆ ಮದ್ದು ಸಾಯುವುದೂ ಇಲ್ಲ. ಆದ್ದರಿಂದ ಭಂಗಾರಿನಲ್ಲೋ ಅಜ್ಜನ ಅಟ್ಟದಲ್ಲೋ ಅಂಥದ್ದೇನಾದರೂ ಕಂಡರೆ ಮುಟ್ಟಬೇಡಿ, ತೊಳೆಯಬೇಡಿ, ಬಾಣ ಹುಡುಕಬೇಡಿ. ದೂರ ಸರಿದು 112ಕ್ಕೆ ಫೋನ್ ಮಾಡಿ. ಮಾಮನಿಗೆ ಮಾತ್ರ ತಿಳಿಸಬೇಡಿ, ಪೊಲೀಸರಿಗಿಂತ ಮೊದಲು ಬಂದುಬಿಡುತ್ತಾರೆ.